'ಗ್ಲಿಚ್' ಬಂದ ದಾರಿ

ಫೋನ್ ತಟ್ಟನೆ ನಿಂತರೆ ನಾವು 'ಗ್ಲಿಚ್' ಎನ್ನುತ್ತೇವೆ. ಈ ಪದ ಯಿಡ್ಡಿಶ್ ಭಾಷೆಯಿಂದ ಬಂದಿರಬೇಕು ಎನ್ನುತ್ತಾರೆ ಬಲ್ಲವರು. ಅಲ್ಲಿ ಅದರ ಅರ್ಥ ಜಾರುವುದು.

ಯಿಡ್ಡಿಶ್ ಪೂರ್ವ ಯುರೋಪಿನ ಯೆಹೂದ್ಯರ ಮನೆಮಾತು. ಬುನಾದಿ ಜರ್ಮನ್, ಲಿಪಿ ಹೀಬ್ರೂ. 1881ರಿಂದ 1924ರವರೆಗೆ ಹಿಂಸೆ, ಬಡತನ ತಾಳಲಾರದೆ ಅವರಲ್ಲಿ ಸುಮಾರು 20 ಲಕ್ಷ ಜನ ಅಮೆರಿಕಕ್ಕೆ ವಲಸೆ ಹೋದರು. ನ್ಯೂಯಾರ್ಕಿನ ಇಕ್ಕಟ್ಟಾದ ಮನೆಗಳಲ್ಲಿ ನೆಲೆಸಿ, ಬಟ್ಟೆ ಹೊಲಿದು, ತಳ್ಳುಗಾಡಿಯಲ್ಲಿ ವ್ಯಾಪಾರ ಮಾಡಿ ಬದುಕಿದರು. ಅವರ ಮಾತು ಬೀದಿಗೆ, ಹಾಸ್ಯದ ವೇದಿಕೆಗೆ, ಅಲ್ಲಿಂದ ಎಲ್ಲರ ಇಂಗ್ಲಿಷಿಗೆ ದಾಟಿತು. ಭಾರ ಎಳೆದುಕೊಂಡು ಹೋಗುವುದು 'ಶ್ಲೆಪ್'. ಹಿಡಿದದ್ದನ್ನೆಲ್ಲ ಬೀಳಿಸುವವ 'ಕ್ಲಟ್ಜ್'; ಮೂಲ ಅರ್ಥ ಮರದ ದಿಮ್ಮಿ. ನಾಚಿಕೆಯಿಲ್ಲದ ಎದೆಗಾರಿಕೆ 'ಹುಟ್ಸ್‌ಪಾ'. ಇದು ಹೀಬ್ರೂವಿನಿಂದ ಯಿಡ್ಡಿಶಿಗೆ ಬಂದದ್ದು.

ಎರಡನೇ ಮಹಾಯುದ್ಧಕ್ಕೆ ಮುನ್ನ ಯಿಡ್ಡಿಶ್ ಆಡುವವರು ಒಂದು ಕೋಟಿಗೂ ಹೆಚ್ಚು. ನಾಜಿಗಳು ಕೊಂದ 60 ಲಕ್ಷ ಯೆಹೂದ್ಯರಲ್ಲಿ ಬಹುಪಾಲು ಈ ಭಾಷೆಯವರೇ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳು ಇಂಗ್ಲಿಷಿಗೆ ಹೊರಳಿದರು. ಇಂದು ಯಿಡ್ಡಿಶ್ ಕಲಿತು ಬೆಳೆಯುವ ಮಕ್ಕಳು ಸಿಗುವುದು ಮುಖ್ಯವಾಗಿ ಹಸಿದಿಕ್ ಯೆಹೂದ್ಯರ ಮನೆಗಳಲ್ಲಿ.

ನಾವು ತಮಾಷೆಗೆ ಆಡುವ ಒಂದೊಂದು ಪದದ ಹಿಂದೆ ಇಷ್ಟು ಕಣ್ಣೀರಿದೆ. ಪದಗಳು ಬೇರೆ ಭಾಷೆಗೆ ಎರವಲು ಹೋಗಿ ಉಳಿಯಬಹುದು. ಭಾಷೆ ಉಳಿಯುವುದು ಮಾತ್ರ ಮನೆಯ ಮಕ್ಕಳ ಬಾಯಲ್ಲೇ.