ಯುದ್ಧ ಮುಗಿದ ಮೇಲೆ ಕೋಟೆಗಳು ಏನಾದವು?

ಯಾವ ಯುದ್ಧದಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಆದರೆ ಯುದ್ಧ ಮುಗಿದ ಮೇಲೆ ಕೋಟೆ, ಅರಮನೆ, ಮದ್ದಿನಮನೆಗಳ ಗತಿ ಏನಾಯಿತು ಎಂದು ಕೇಳುವವರು ವಿರಳ. ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಮೈಸೂರಿನ ನಜರ್‌ಬಾದ್‌ಗೆ ಹೋದರೆ ಸಾಕು.

ಉರ್ದುವಿನಲ್ಲಿ ‘ನಜರ್’ ಎಂದರೆ ದೃಷ್ಟಿ, ‘ಆಬಾದ್’ ಎಂದರೆ ಜನ ನೆಲೆಸಿದ ಊರು. 1787ರ ಸುಮಾರಿಗೆ ಟಿಪ್ಪು ಸುಲ್ತಾನರು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದೇ ಕಲ್ಲುಗಳಿಂದ ಇಲ್ಲಿ ಹೊಸ ಕೋಟೆ ಕಟ್ಟಿಸತೊಡಗಿದರು. ಸುಲ್ತಾನರನ್ನು ಗೌರವಿಸುವ ನಾವು ಈ ಸಂಗತಿಯನ್ನು ಮರೆಮಾಚಬಾರದು. ಇತಿಹಾಸವನ್ನು ಪೂರ್ತಿ ಹೇಳಿದರೆ ಮಾತ್ರ ಮಕ್ಕಳು ನಮ್ಮ ಮಾತನ್ನು ನಂಬುತ್ತಾರೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಸುಲ್ತಾನರು ಹೋರಾಡುತ್ತಲೇ ಪ್ರಾಣ ಬಿಟ್ಟರು. ಅದೇ ಜೂನ್ 30ರಂದು, ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಆಗ ಅಲ್ಲಿ ಅರಮನೆಯೇ ಇರಲಿಲ್ಲ. ಚಪ್ಪರದ ಕೆಳಗೆ ಸಮಾರಂಭ ನಡೆಯಿತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ನಗರವನ್ನು ಪುನಃ ಕಟ್ಟುವಾಗ ನಜರ್‌ಬಾದಿನ ಕಲ್ಲುಗಳು ಮೈಸೂರಿಗೆ ಮರಳಿದವು. ಕಲ್ಲುಗಳಿಗೆ ಮಾತು ಬಂದಿದ್ದರೆ ಎರಡೂ ಕಡೆಯ ಕಥೆಯನ್ನು ಹೇಳುತ್ತಿದ್ದವು!

ಶ್ರೀರಂಗಪಟ್ಟಣದ ಕಥೆ ಬೇರೆ. ಆ ದ್ವೀಪವನ್ನು ಕಂಪನಿ ತನ್ನಲ್ಲೇ ಉಳಿಸಿಕೊಂಡು ಸೈನ್ಯವನ್ನು ಇರಿಸಿತು. ಆದರೆ ಜ್ವರದ ಹಾವಳಿ ಹೆಚ್ಚಿತು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ಸ್ಥಾಪನೆಯಾಗಿ, ಸೈನ್ಯ ಅತ್ತ ಸಾಗಿತು. ಬೇಡವಾದ ಕಟ್ಟಡಗಳು ಒಂದೊಂದಾಗಿ ಕರಗಿದವು. ಸುಲ್ತಾನರ ಅರಮನೆಯ ಬಹುಭಾಗ ನೆಲಸಮವಾಯಿತು; ಉಳಿದ ಭಾಗ ಶ್ರೀಗಂಧದ ಕೊರಡುಗಳ ಉಗ್ರಾಣವಾಯಿತು. ಅರಮನೆಯ ತೊಲೆಗಳು ಘಟ್ಟ ಹತ್ತಿ ಊಟಿಗೆ ಹೋಗಿ, 1829ರಲ್ಲಿ ಅಡಿಪಾಯ ಹಾಕಿದ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿಯನ್ನು ಹೊತ್ತವು. ಇಂದಿಗೂ ಅಲ್ಲಿವೆ.

ಎರಡು ಶತಮಾನಗಳ ನಂತರ ಮನೋಭಾವ ಬದಲಾಯಿತು. ಬೆಂಗಳೂರು–ಮೈಸೂರು ಜೋಡಿ ರೈಲು ಮಾರ್ಗಕ್ಕೆ ಸುಲ್ತಾನರ ಕಾಲದ ಒಂದು ಶಸ್ತ್ರಾಗಾರ ಅಡ್ಡಬಂತು. ಅದನ್ನು ಒಡೆಯುವುದು ಸುಲಭವಿತ್ತು. ಆದರೆ 2017ರಲ್ಲಿ ಇಡೀ ಕಟ್ಟಡವನ್ನೇ ಜಾಕಿಗಳ ಮೇಲೆ ಎತ್ತಿ, ಮೆಲ್ಲಗೆ ಸರಿಸಿ, ಬೇರೆ ಜಾಗದಲ್ಲಿ ಇರಿಸಲಾಯಿತು.

ಕೆಡವುವವರಿಗೆ ಒಂದು ದಿನ ಸಾಕು, ಕಾಪಾಡಲು ತಲೆಮಾರುಗಳೇ ಬೇಕು. ಶಿಕ್ಷಕ ಬಂಧುಗಳೇ, ಮುಂದಿನ ಪ್ರವಾಸದಲ್ಲಿ ಮಕ್ಕಳನ್ನು ಗುಂಬಜ್‌ಗೆ ಕರೆದೊಯ್ದಾಗ ಆ ಶಸ್ತ್ರಾಗಾರವನ್ನೂ ತೋರಿಸಿರಿ. ಗೋಡೆಯ ಮೇಲೆ ಹೆಸರು ಕೆತ್ತಬಾರದೆಂದು ಅಲ್ಲಿಯೇ ನಿಂತು ಹೇಳಿರಿ.