ಕಸಿನ್ಸರ ಒಂದು ಏಕಾಂಕ ನಾಟಕ: ಡಬ್ಲಿನ್ನಿನಿಂದ ಮದನಪಲ್ಲಿಯವರೆಗೆ

1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರು, ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಹೋದ ತರುಣ ಪುಟ್ಟಪ್ಪನವರಿಗೆ ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದ ಸಂಗತಿ ಕನ್ನಡ ಉಪಾಧ್ಯಾಯರಿಗೆಲ್ಲ ತಿಳಿದದ್ದೇ. ಈ ಕಸಿನ್ಸರು ನಾಟಕಕಾರರೂ ಆಗಿದ್ದರೆಂಬ ವಿಷಯ ಮಾತ್ರ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಅವರ ಏಕಾಂಕ ‘ದಿ ರೇಸಿಂಗ್ ಲಗ್’ ಕಡಲತೀರದ ಬೆಸ್ತರ ಬಾಳಿನ ದುರಂತ. ಲಗ್ ಎಂದರೆ ಹಾಯಿದೋಣಿ. 1902ನೆಯ ಅಕ್ಟೋಬರ್ ಕೊನೆಯಲ್ಲಿ ಡಬ್ಲಿನ್ನಿನ ಏನ್ಷಂಟ್ ಕನ್ಸರ್ಟ್ ರೂಮ್ಸ್ ಎಂಬ ಸಭಾಂಗಣದಲ್ಲಿ ಫೇ ಸಹೋದರರ ತಂಡ ಇದನ್ನು ಮೊದಲು ಆಡಿತು. ಅದೇ ವಾರ ಕಸಿನ್ಸರದೇ ‘ದಿ ಸ್ಲೀಪ್ ಆಫ್ ದಿ ಕಿಂಗ್’, ಯೇಟ್ಸ್ ಕವಿಯ ‘ಎ ಪಾಟ್ ಆಫ್ ಬ್ರಾತ್’ ಇವೂ ರಂಗವೇರಿದವು. ಫೇ ಸಹೋದರರಲ್ಲಿ ಒಬ್ಬರು ವಿದ್ಯುತ್ ಕೆಲಸದವರು, ಇನ್ನೊಬ್ಬರು ಗುಮಾಸ್ತರು. ಸಂಜೆ ಪಾಠ ಮುಗಿಸಿ ವಾರ್ಷಿಕೋತ್ಸವದ ನಾಟಕ ಕಲಿಸುವ ನಮ್ಮ ಉಪಾಧ್ಯಾಯರು ಇದನ್ನು ಗಮನಿಸಬೇಕು. ನವೆಂಬರಿನಲ್ಲಿ ಬೆಲ್ಫಾಸ್ಟಿನ ತರುಣರೂ ಇದೇ ನಾಟಕವನ್ನು ಆಡಿದರು; ಅಲ್ಲಿನ ಅಲ್ಸ್ಟರ್ ಲಿಟರರಿ ಥಿಯೇಟರ್ ಬೆಳೆದುಬಂದದ್ದು ಆ ಪ್ರಯತ್ನದಿಂದಲೇ.

ಮುಂದೆ ಯೇಟ್ಸರ ವಿರೋಧದಿಂದ ಕಸಿನ್ಸರ ‘ಸೋಲ್ಡ್’ ಎಂಬ ಪ್ರಹಸನ ನಿಂತುಹೋಯಿತು. 1904ರ ಫೆಬ್ರವರಿಯಲ್ಲಿ ಸಿಂಜ್ ಅವರ ‘ರೈಡರ್ಸ್ ಟು ದಿ ಸೀ’ ರಂಗಕ್ಕೆ ಬಂದ ಮೇಲಂತೂ ಕಡಲಿನ ದುರಂತವೆಂದರೆ ಜನ ಅದನ್ನೇ ನೆನೆಯತೊಡಗಿದರು. ಸಿಂಜ್ ಕಸಿನ್ಸರನ್ನು ಅನುಸರಿಸಿದರೆನ್ನುವುದು ಸರಿಯಲ್ಲ. ಅವರ ಹಸ್ತಪ್ರತಿ 1902ರ ಶರತ್ಕಾಲದಲ್ಲಿಯೇ ಸಿದ್ಧವಾಗಿತ್ತು. ಅದು ಮೇಲಾದ ನಾಟಕವೆಂಬುದನ್ನೂ ಒಪ್ಪಲೇಬೇಕು. ಆದರೆ ಬೆಸ್ತರ ಮನೆಯ ದುಃಖವನ್ನು ಆ ತಂಡದ ರಂಗಕ್ಕೆ ಮೊದಲು ತಂದವರು ಕಸಿನ್ಸರು.

ಅವರು 1915ರಲ್ಲಿ ಆನಿ ಬೆಸಂಟರ ಪತ್ರಿಕೆಗಾಗಿ ಮದರಾಸಿಗೆ ಬಂದರು. ಬಳಿಕ ಮದನಪಲ್ಲಿಯ ಕಾಲೇಜಿನ ಪ್ರಿನ್ಸಿಪಾಲರಾದರು. ನಮ್ಮ ಹೊಸೂರಿನಿಂದ ಮಾಲೂರು, ಕೋಲಾರಗಳ ಮೇಲೆ ಹೋದರೆ ಸಿಗುವ, ನಮ್ಮಂತೆಯೇ ಗಡಿಯ ಊರು ಅದು. 1919ರಲ್ಲಿ ರವೀಂದ್ರರು ‘ಜನಗಣಮನ’ವನ್ನು ಇಂಗ್ಲಿಷಿಗೆ ತಂದದ್ದು ಅಲ್ಲಿಯೇ. ಮೀರಾಬಾಯಿಯನ್ನು ಕುರಿತ ಕಸಿನ್ಸರ ‘ದಿ ಕಿಂಗ್ಸ್ ವೈಫ್’ ನಾಟಕವೂ ಆ ವರ್ಷ ಮದರಾಸಿನಲ್ಲಿ ಅಚ್ಚಾಯಿತು.

ಬೆಲ್ಫಾಸ್ಟಿನವರಾದ ಕಸಿನ್ಸರಿಗೆ ಇಂಗ್ಲಿಷೇ ಮನೆಮಾತು. ತಮ್ಮ ನಾಡಿನ ಪ್ರಾಚೀನ ಭಾಷೆ ಜನರ ಬಾಯಿಂದ ಜಾರಿಹೋದುದನ್ನು ಅವರು ಕಣ್ಣಾರೆ ಕಂಡಿದ್ದರು. ಮೈಸೂರಿನಲ್ಲಿ ಅವರಾಡಿದ ಮಾತಿನ ಹಿಂದೆ ಈ ಅನುಭವವಿದ್ದಿತೆಂದು ನನ್ನ ಊಹೆ. ಮನೆಯಲ್ಲೊಂದು, ಶಾಲೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆಯಾಡುವ ನಮ್ಮ ತಾಲ್ಲೂಕಿನ ಮಕ್ಕಳ ಕೈಗೆ ಇಂಗ್ಲಿಷ್ ಏಕಾಂಕವನ್ನು ಕೊಡುವಾಗ ಅದರ ಜೊತೆಗೆ ಈ ಕಥೆಯನ್ನೂ ಹೇಳಬಹುದು.

ಪುಟ್ಟಪ್ಪನವರ ಏಕಾಂಕ ‘ಜಲಗಾರ’ 1928ರಲ್ಲಿ ಬಂದಿತು; ಅದರ ನಾಯಕ ಬೀದಿ ಗುಡಿಸುವವನು. ಕಸಿನ್ಸರು 1956ರ ಫೆಬ್ರವರಿಯಲ್ಲಿ ಮದನಪಲ್ಲಿಯಲ್ಲಿಯೇ ಕಾಲವಾದರು.