ಕ್ಷಾರದಿಂದ ವಿದ್ಯುತ್ ಸೂಜಿಯವರೆಗೆ



ಮುಖದ ಮಚ್ಚೆ, ಕತ್ತಿನ ನರುಲಿ, ಕೆನ್ನೆಯ ಸಣ್ಣ ಕಪ್ಪು ಗುಳ್ಳೆ, ಇವನ್ನು ತೆಗೆಸಿಕೊಳ್ಳಬೇಕೆಂಬ ಬಯಕೆ ಇಂದಿನದಲ್ಲ. ಈ ಕೆಲಸಕ್ಕೆ ಬಳಕೆಯಾಗುವ ಸಾಧನಗಳಲ್ಲಿ ಎಲೆಕ್ಟ್ರಾಲಿಸಿಸ್, ಅಂದರೆ ವಿದ್ಯುತ್ ಸೂಜಿಯ ಚಿಕಿತ್ಸೆಯೂ ಒಂದು. ಇದರ ಹಿಂದಿನ ಕಥೆಯಲ್ಲಿ ನಮ್ಮ ತಾಯ್ನಾಡಿಗೂ ನಾವು ನೆಲೆಸಿರುವ ಸ್ವೀಡನ್ನಿಗೂ ಪಾಲುಂಟು.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯವು ಕ್ಷಾರದ ತಯಾರಿಕೆಯನ್ನೂ ಬಳಕೆಯನ್ನೂ ಕುರಿತದ್ದು. ಸಸ್ಯಗಳ ಬೂದಿಯಿಂದ ಪಡೆದ ಕ್ಷಾರವನ್ನು ಹಚ್ಚಿ ತಿಲಕಾಲಕ, ಮಷಕ, ಚರ್ಮಕೀಲ ಮುಂತಾದವನ್ನು ನಿವಾರಿಸಬಹುದೆಂದೂ, ಬಳಿಕ ಹುಳಿಯಾದ ದ್ರವದಿಂದ ಅದರ ಉಗ್ರತೆಯನ್ನು ತಣಿಸಬೇಕೆಂದೂ ಅಲ್ಲಿ ಹೇಳಿದೆ. ನಮ್ಮ ಹಳ್ಳಿಗಳಲ್ಲಿ ನರುಲಿಗೆ ಸುಣ್ಣ ಮತ್ತು ಬಟ್ಟೆ ಸೋಡವನ್ನು ಕಲಸಿ ಹಚ್ಚುತ್ತಿದ್ದುದೂ ಇದೇ ತತ್ತ್ವದ್ದು. ಇವೆರಡೂ ನೀರಿನಲ್ಲಿ ಕೂಡಿದಾಗ ಕಾಸ್ಟಿಕ್ ಸೋಡ ಹುಟ್ಟುತ್ತದೆ. ಆದರೆ ಅದು ಎಷ್ಟು ಆಳಕ್ಕೆ ಸುಡುವುದೆಂಬುದು ಹಚ್ಚುವವರ ಹಿಡಿತದಲ್ಲಿಲ್ಲ.

ಈಗ ಸ್ವೀಡನ್ನಿಗೆ ಬರೋಣ. 1800ರಲ್ಲಿ ವೋಲ್ಟಾ ತನ್ನ ವಿದ್ಯುತ್ ಕೋಶವನ್ನು ಜಗತ್ತಿಗೆ ತಿಳಿಸಿದನು. ಉಪ್ಸಾಲಾದಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ಯೋನ್ಸ್ ಯಾಕೋಬ್ ಬೆರ್ಜೇಲಿಯಸ್ ಈ ಹೊಸ ವಿದ್ಯುತ್ತನ್ನು ರೋಗಿಗಳ ಮೇಲೆ ಪ್ರಯೋಗಿಸಿ 1802ರಲ್ಲಿ ಪ್ರಬಂಧ ಬರೆದನು. ರೋಗಿಗಳಿಗೆ ಹೇಳಿಕೊಳ್ಳುವಂಥ ಗುಣವೇನೂ ಆಗಿರಲಿಲ್ಲ. ಆದರೆ ಮರುವರ್ಷವೇ ಆತನೂ ಗಣಿಗಳ ಒಡೆಯನಾದ ವಿಲ್ಹೆಲ್ಮ್ ಹಿಸಿಂಗರನೂ ಲವಣದ ದ್ರಾವಣಗಳಲ್ಲಿ ವಿದ್ಯುತ್ತನ್ನು ಹರಿಸಿ, ಕ್ಷಾರವು ಋಣಧ್ರುವದ ಬಳಿಯೂ ಆಮ್ಲವು ಧನಧ್ರುವದ ಬಳಿಯೂ ಸೇರುವುದೆಂದು ತೋರಿಸಿಕೊಟ್ಟರು. ಎಲೆಕ್ಟ್ರಾಲಿಸಿಸ್ ಎಂಬ ಹೆಸರನ್ನು ಫ್ಯಾರಡೆ ಬಳಕೆಗೆ ತಂದದ್ದು 1834ರಲ್ಲಿ. ದ್ರಾವಣದಲ್ಲಿ ಲವಣವು ಅಯಾನುಗಳಾಗಿ ಒಡೆಯುವುದನ್ನು ವಿವರಿಸಿದವನೂ ಸ್ವೀಡನ್ನಿನವನೇ ಆದ ಸ್ವಾಂತೆ ಅರ್ಹೇನಿಯಸ್. ಆತನಿಗೆ 1903ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಚರ್ಮದ ಮೇಲೆ ಈ ಜ್ಞಾನದ ಪ್ರಯೋಗವಾದದ್ದು ಸೌಂದರ್ಯಕ್ಕಾಗಿ ಅಲ್ಲ, ಕಣ್ಣಿನ ರಕ್ಷಣೆಗಾಗಿ. ಅಮೆರಿಕದ ಸೇಂಟ್ ಲೂಯಿಸ್ ನಗರದ ನೇತ್ರವೈದ್ಯ ಚಾರ್ಲ್ಸ್ ಮಿಶೆಲ್, ಒಳಮುಖವಾಗಿ ಬೆಳೆದು ಕಣ್ಣನ್ನು ಉಜ್ಜುವ ರೆಪ್ಪೆಗೂದಲುಗಳನ್ನು ಸೂಜಿ ಮತ್ತು ವಿದ್ಯುತ್ತಿನಿಂದ ನಾಶಗೊಳಿಸಿದ ವಿಧಾನವನ್ನು 1875ರಲ್ಲಿ ಪ್ರಕಟಿಸಿದನು. ಅದೇ ನಗರದ ಚರ್ಮವೈದ್ಯ ಹಾರ್ಡವೇ ಅದನ್ನು ಮುಖದ ಬೇಡದ ಕೂದಲಿಗೆ ಬಳಸಿದನು. ಅನಂತರ ನರುಲಿ, ಮಚ್ಚೆ, ಕೆಂಪು ರಕ್ತನಾಳಗಳ ಸರದಿ ಬಂದಿತು.

ಸೂಜಿಯು ಮಾಡುವುದಾದರೂ ಏನು? ನಮ್ಮ ದೇಹದ ದ್ರವ ಉಪ್ಪುನೀರು. ಋಣಧ್ರುವಕ್ಕೆ ಜೋಡಿಸಿದ ಸೂಜಿಯ ತುದಿಯಲ್ಲಿ ಅದರಿಂದ ಕಾಸ್ಟಿಕ್ ಸೋಡ ಹುಟ್ಟಿ ಸುತ್ತಲ ಜೀವಕೋಶಗಳನ್ನು ಕರಗಿಸುತ್ತದೆ. ಜಲಜನಕದ ಗುಳ್ಳೆಗಳಿಂದ ಬಿಳಿಯ ನೊರೆ ಕಾಣಿಸುತ್ತದೆ. ಸುಶ್ರುತನ ಕ್ಷಾರಕ್ಕೂ ಇದಕ್ಕೂ ತತ್ತ್ವ ಒಂದೇ, ಇಲ್ಲಿ ಪ್ರಮಾಣವನ್ನು ಅಳೆಯಬಹುದು ಎಂಬುದೇ ವ್ಯತ್ಯಾಸ. ಧ್ರುವಗಳು ಅದಲುಬದಲಾದರೆ ಉಕ್ಕಿನ ಸೂಜಿಯ ಕಬ್ಬಿಣ ಕರಗಿ ಚರ್ಮದಲ್ಲಿ ಹಚ್ಚೆಯಂತೆ ಕಪ್ಪು ಕಲೆ ಉಳಿಯುತ್ತದೆ. ಬೆರ್ಜೇಲಿಯಸ್ ಕಂಡ ನಿಯಮವನ್ನು ಮರೆಯುವವರ ಕೈಗೆ ಮುಖವನ್ನು ಒಪ್ಪಿಸಲಾಗದು.

ಇನ್ನು ನಮ್ಮ ಕುಟುಂಬಗಳಿಗೆ ಸಂಬಂಧಿಸಿದ ಮಾತು. ಕಂದು ಚರ್ಮದವರ ಕೆನ್ನೆಯ ಮೇಲೂ ಕಣ್ಣಿನ ಸುತ್ತಲೂ ವಯಸ್ಸಾದಂತೆ ಮೂಡುವ ಸಣ್ಣ ಕಪ್ಪು ಗುಳ್ಳೆಗಳು ನಿರಪಾಯಕರ. ಅವನ್ನು ತೆಗೆಸಲೇಬೇಕೆಂದಿಲ್ಲ. ತೆಗೆಸಿದರೆ ಆ ಜಾಗ ಇನ್ನಷ್ಟು ಕಪ್ಪಾಗಬಹುದು, ಬಿಳುಪಾಗಬಹುದು, ಕೆಲವರಲ್ಲಿ ಗಾಯ ದಪ್ಪಗಟ್ಟಲೂಬಹುದು. ಬಿಳಿಯ ಚರ್ಮದವರಿಗಿಂತ ನಮಗೆ ಈ ಅಪಾಯ ಹೆಚ್ಚು. ಮಗಳ ಮದುವೆ ಗೊತ್ತಾದೊಡನೆ ಅವಸರದಿಂದ ಕೈಗೊಳ್ಳುವ ಚಿಕಿತ್ಸೆ ಇದಲ್ಲ. ಮುಖದ ಒಂದು ಮೂಲೆಯ ಗುಳ್ಳೆಯ ಮೇಲೆ ಮೊದಲು ಪ್ರಯೋಗಿಸಿ, ಕೆಲವು ತಿಂಗಳು ಕಾದು ನೋಡುವುದು ವಿವೇಕ.

ಮಚ್ಚೆಯ ವಿಷಯ ಇದಕ್ಕಿಂತ ಗಂಭೀರ. ಆಕಾರ, ಬಣ್ಣ, ಗಾತ್ರ ಬದಲಾದ ಮಚ್ಚೆ ಮೆಲನೋಮ ಎಂಬ ಕ್ಯಾನ್ಸರ್ ಇರಬಹುದು. ನಮ್ಮಲ್ಲಿ ಅದು ವಿರಳವಾದರೂ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಶಸ್ತ್ರದಿಂದ ತೆಗೆದ ಮಚ್ಚೆಯನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಬಹುದು. ಸೂಜಿ ಕರಗಿಸಿದ ಮಚ್ಚೆಯಲ್ಲಿ ಪರೀಕ್ಷೆಗೆ ಏನೂ ಉಳಿಯದು, ರೋಗ ಮಾತ್ರ ಒಳಗೆ ಉಳಿದೀತು.

ಆದುದರಿಂದ ಮೊದಲು ನಿಮ್ಮ ವೋರ್ಡ್‌ಸೆಂಟ್ರಾಲಿನ ವೈದ್ಯರಿಗೆ ತೋರಿಸಿ, ಅದು ಏನೆಂಬುದನ್ನು ತಿಳಿದುಕೊಳ್ಳಿ. ಚರ್ಮವನ್ನು ಚುಚ್ಚುವ ಚಿಕಿತ್ಸೆ ನಡೆಸುವವರು ಕಮ್ಯೂನಿಗೆ ಮೊದಲೇ ತಿಳಿಸಿರಬೇಕೆಂಬ ನಿಯಮ ಇಲ್ಲಿದೆ. ಅದನ್ನು ವಿಚಾರಿಸಲು ಸಂಕೋಚ ಬೇಡ.